ನಳನ ಎರಡು ವಿದ್ಯೆ: ಪಾಕ ಮತ್ತು ಸಾರಥ್ಯ

ಬೆಲ್ಜಿಯಂ ದೇಶದ ಬ್ರೂಜ್ ಎಂಬ ಹಳೆಯ ಪಟ್ಟಣದಲ್ಲಿ ಒಂದು ಬಗೆಯ ಊಟವಿದೆ. ಸಂಜೆ ಏಳು ಗಂಟೆಗೆ ಅತಿಥಿ ಇಳಿದುಕೊಂಡ ಹೊಟೇಲಿನ ಬಾಗಿಲಿಗೆ ಚಾಲಕನ ಸಮೇತ ಕಾರು ಬರುತ್ತದೆ. ಅತಿಥಿ ಹಿಂದಿನ ಆಸನದಲ್ಲಿ ಕುಳಿತು ಭೋಜನಶಾಲೆಗೆ ಹೋಗುತ್ತಾನೆ. ಅಲ್ಲಿ ಮೂರು ಗಂಟೆಯ ಕಾಲ ಒಂದರ ಹಿಂದೆ ಒಂದರಂತೆ ಎಂಟೋ ಹತ್ತೋ ತಟ್ಟೆಗಳು ಬರುತ್ತವೆ. ಒಂದೊಂದರಲ್ಲಿಯೂ ಎರಡು ಮೂರು ತುತ್ತು ಮಾತ್ರ. ಅಷ್ಟು ಹೊತ್ತೂ ಕಾರು ಹೊರಗೆ ಎಲ್ಲೋ ಒಂದೆಡೆ ನಿಂತಿರುತ್ತದೆ. ಚಾಲಕನೂ ಅಲ್ಲಿಯೇ ಇರುತ್ತಾನೆ. ರಾತ್ರಿ ಹತ್ತೂವರೆಯ ಸುಮಾರಿಗೆ ಅದೇ ಕಾರಿನಲ್ಲಿ ಅತಿಥಿ ಹಿಂದಿರುಗುತ್ತಾನೆ.

ರಾಯಚೂರು ಜಿಲ್ಲೆ, ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದಲ್ಲಿ ಓದುವ ಒಬ್ಬ ವಿದ್ಯಾರ್ಥಿಗೆ ಈ ಸಂಗತಿಯಿಂದ ಆಗಬೇಕಾದುದೇನು ಎಂದು ನೀವು ಕೇಳಬಹುದು. ದುಡ್ಡಿದ್ದವರ ಶೋಕಿ ಎಂದು ಬಿಟ್ಟುಬಿಡುವುದು ಸುಲಭ. ಆದರೆ ಈ ಊಟದ ಹಿಂದೆ ರಸಾಯನಶಾಸ್ತ್ರವಿದೆ, ಭೌತಶಾಸ್ತ್ರವಿದೆ, ಒಂದು ಟೈರು ಕಾರ್ಖಾನೆಯ ಚರಿತ್ರೆಯಿದೆ. ಎಂಟುನೂರು ವರ್ಷಗಳ ಹಿಂದೆ ಗುರುಗುಂಟಾದ ಸೀಮೆಯಿಂದ ರಾಜಧಾನಿಗೆ ನಡೆದುಹೋದ ಇಬ್ಬರ ಸಂಗತಿಯೂ ಇದರೊಳಗೆ ಬರುತ್ತದೆ. ಆದುದರಿಂದ ಸ್ವಲ್ಪ ನಿಧಾನವಾಗಿಯೇ ನೋಡೋಣ.

ಚಕ್ರದಿಂದ ಹುಟ್ಟಿದ ನಕ್ಷತ್ರ

ಬ್ರೂಜ್ ಪಟ್ಟಣ ಒಂದು ಕಾಲಕ್ಕೆ ಯುರೋಪಿನ ದೊಡ್ಡ ವ್ಯಾಪಾರ ಕೇಂದ್ರವಾಗಿತ್ತು. ಜ್ವಿನ್ ಎಂಬ ಕಡಲ ಕಾಲುವೆಯ ಮೂಲಕ ಹಡಗುಗಳು ಅಲ್ಲಿಗೆ ಬರುತ್ತಿದ್ದವು. ಹದಿನೈದನೆಯ ಶತಮಾನದ ಹೊತ್ತಿಗೆ ಆ ಕಾಲುವೆಯಲ್ಲಿ ಹೂಳು ತುಂಬಿತು, ವ್ಯಾಪಾರ ಆಂಟ್ವರ್ಪ್ ನಗರದತ್ತ ಸರಿಯಿತು. ಊರು ಬಡವಾಯಿತು. ಬಡವಾದ ಊರಿನಲ್ಲಿ ಹಳೆಯ ಮನೆಗಳನ್ನು ಕೆಡವಿ ಹೊಸದನ್ನು ಕಟ್ಟುವವರು ಯಾರು? ಹೀಗಾಗಿ ಮಧ್ಯಯುಗದ ಬೀದಿಗಳು, ಕಾಲುವೆಗಳು, ಇಟ್ಟಿಗೆಯ ಕಟ್ಟಡಗಳು ಉಳಿದುಕೊಂಡವು. 2000ದಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಇಂದು ಜಗತ್ತೆಲ್ಲ ಆ ಊರನ್ನು ನೋಡಲು ಹೋಗುತ್ತದೆ, ಅಲ್ಲಿ ಉಣ್ಣಲೂ ಹೋಗುತ್ತದೆ.

ಆ ಊರಿನ ಡಿ ಕಾರ್ಮೆಲೀಟ್ ಎಂಬ ಭೋಜನಶಾಲೆ ಬಹಳ ಹೆಸರು ಮಾಡಿತ್ತು. ಅದರ ಮುಖ್ಯ ಬಾಣಸಿಗ ಗೀರ್ಟ್ ವಾನ್ ಹೆಕ್. 1996ರಲ್ಲಿ ಅದಕ್ಕೆ ಮೂರನೆಯ ಮಿಶೆಲಿನ್ ನಕ್ಷತ್ರ ದೊರೆಯಿತು; 2016ರಲ್ಲಿ ಬಾಗಿಲು ಮುಚ್ಚುವವರೆಗೂ ಆ ಮೂರು ನಕ್ಷತ್ರಗಳು ಉಳಿದಿದ್ದವು. ಪಾಕಶಾಲೆಯೊಂದಕ್ಕೆ ಇದಕ್ಕಿಂತ ದೊಡ್ಡ ಮನ್ನಣೆ ಇಲ್ಲ ಎಂದು ಆ ಕಸುಬಿನವರು ನಂಬುತ್ತಾರೆ.

ಈ ನಕ್ಷತ್ರವನ್ನು ಕೊಡುವವರು ಯಾರು ಗೊತ್ತೆ? ಸರ್ಕಾರವಲ್ಲ, ವಿಶ್ವವಿದ್ಯಾಲಯವಲ್ಲ, ಬಾಣಸಿಗರ ಸಂಘವೂ ಅಲ್ಲ. ಮೋಟಾರು ಗಾಡಿಗೆ ಟೈರು ಮಾಡುವ ಫ್ರಾನ್ಸಿನ ಕಂಪೆನಿ! ಆಂದ್ರೆ ಮತ್ತು ಎಡ್ವರ್ಡ್ ಮಿಶೆಲಿನ್ ಎಂಬ ಅಣ್ಣತಮ್ಮಂದಿರು 1900ರಲ್ಲಿ ಒಂದು ಕೈಪಿಡಿಯನ್ನು ಅಚ್ಚು ಹಾಕಿಸಿ ಪುಕ್ಕಟೆ ಹಂಚಿದರು. ಆಗ ಇಡೀ ಫ್ರಾನ್ಸಿನಲ್ಲಿ ಮೂರು ಸಾವಿರ ಕಾರುಗಳೂ ಇರಲಿಲ್ಲ. ಅಚ್ಚಾದ ಪ್ರತಿಗಳು ಸುಮಾರು 35,000. ಟೈರು ಬದಲಿಸುವುದು ಹೇಗೆ, ಪೆಟ್ರೋಲು ಎಲ್ಲಿ ಸಿಗುತ್ತದೆ, ರಿಪೇರಿ ಎಲ್ಲಿ, ಊಟ ವಸತಿ ಎಲ್ಲಿ ಎಂಬ ವಿವರಗಳು ಅದರಲ್ಲಿದ್ದವು. ಲೆಕ್ಕಾಚಾರ ಸರಳ. ಜನ ದೂರ ದೂರ ಕಾರಿನಲ್ಲಿ ಹೋದರೆ ಟೈರು ಸವೆಯುತ್ತದೆ, ಸವೆದರೆ ಹೊಸ ಟೈರು ಮಾರಾಟವಾಗುತ್ತದೆ. ಫ್ರಾನ್ಸಿನ ಆಚೆಗೆ ಈ ಕೈಪಿಡಿ ಮೊದಲು ಹೋದದ್ದು ಬೆಲ್ಜಿಯಂಗೆ, 1904ರಲ್ಲಿ.

1926ರಲ್ಲಿ ಒಳ್ಳೆಯ ಊಟಕ್ಕೆ ನಕ್ಷತ್ರ ಕೊಡುವ ಪದ್ಧತಿ ಬಂತು. ಕೆಲವು ವರ್ಷಗಳಲ್ಲಿ ಅದು ಒಂದು, ಎರಡು, ಮೂರು ನಕ್ಷತ್ರಗಳ ಶ್ರೇಣಿಯಾಯಿತು. 1936ರಲ್ಲಿ ಪ್ರಕಟವಾದ ಅರ್ಥವಿವರಣೆಯನ್ನು ಗಮನಿಸಬೇಕು. ಒಂದು ನಕ್ಷತ್ರವೆಂದರೆ ತನ್ನ ವರ್ಗದಲ್ಲಿ ಒಳ್ಳೆಯ ಊಟದ ಮನೆ. ಎರಡಾದರೆ ಹೋಗುವ ದಾರಿಯಿಂದ ಸ್ವಲ್ಪ ಸುತ್ತಿ ಹೋಗಿ ಉಣ್ಣಬಹುದಾದದ್ದು. ಮೂರಾದರೆ ಅದಕ್ಕೆಂದೇ ಪ್ರಯಾಣ ಮಾಡಬಹುದಾದದ್ದು. ನೋಡಿದಿರಾ, ರುಚಿಯನ್ನು ಅಳೆದದ್ದು ದೂರದಿಂದ. ಎಷ್ಟು ಕಿಲೋಮೀಟರು ಗಾಡಿ ಓಡಿಸಿಕೊಂಡು ಹೋಗಬಹುದು ಎಂಬುದೇ ಅಡುಗೆಯ ಮಾನದಂಡ. ನನಗೆ ಇದು ಬಹಳ ಪ್ರಾಮಾಣಿಕವಾದ ಅಳತೆಗೋಲು ಎಂದೇ ಅನ್ನಿಸುತ್ತದೆ. ನಾಲಗೆಯ ಮೇಲಿನ ರುಚಿಗೆ ಮಾನಕ ಎಲ್ಲಿಂದ ತರುವುದು? ದಾರಿಗಾದರೆ ಮೈಲಿಗಲ್ಲು ಇದೆ.

ನಕ್ಷತ್ರ ಕೊಡುವ ಪರಿವೀಕ್ಷಕರ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಕೊನೆಯಲ್ಲಿ ಬೇಕಾಗುತ್ತದೆ. ಅವರು ತಮ್ಮ ಗುರುತು ಹೇಳಿಕೊಳ್ಳುವುದಿಲ್ಲ. ಎಲ್ಲರಂತೆ ಬಂದು, ಎಲ್ಲರಂತೆ ಉಂಡು, ಬಿಲ್ಲು ಪಾವತಿ ಮಾಡಿ ಹೋಗುತ್ತಾರೆ.

ಬಿಸಿ ಮಾಡುವವನು

ಇನ್ನು ಆ ಚಾಲಕ. ಶ್ರೀಮಂತರ ಕಾರು ನಡೆಸುವವನಿಗೆ ಶೋಫರ್ ಎಂಬ ಫ್ರೆಂಚ್ ಶಬ್ದವಿದೆ. ಅದರ ಮೂಲಾರ್ಥ ‘ಬಿಸಿ ಮಾಡುವವನು’ ಎಂದು! ಮೊದಲು ಅದು ಉಗಿಯಂತ್ರದ ಒಲೆಗೆ ಕಲ್ಲಿದ್ದಲು ಹಾಕುವವನ ಹೆಸರಾಗಿತ್ತು. ಆರಂಭದ ಕೆಲವು ಪೆಟ್ರೋಲು ಕಾರುಗಳಲ್ಲಿಯೂ ಒಂದು ಸಣ್ಣ ಕೊಳವೆಯನ್ನು ಹೊರಗಿನ ಜ್ವಾಲೆಯಿಂದ ಕೆಂಪಗೆ ಕಾಯಿಸಿದರೆ ಮಾತ್ರ ಇಂಧನ ಹೊತ್ತಿಕೊಳ್ಳುತ್ತಿತ್ತು. ಆ ಕೆಲಸ ಮಾಡುತ್ತಿದ್ದವನಿಗೂ ಅದೇ ಹೆಸರು ಅಂಟಿತು. ಒಳಗೆ ಒಲೆಯ ಮುಂದೆ ನಿಂತ ಬಾಣಸಿಗ, ಹೊರಗೆ ಕಾರಿನಲ್ಲಿ ಕುಳಿತ ಚಾಲಕ: ಹೆಸರಿನ ಮಟ್ಟಿಗೆ ಇಬ್ಬರೂ ಬೆಂಕಿ ಕಾಯುವವರೇ.

ಬ್ರೂಜ್‌ನಲ್ಲಿ ಅತಿಥಿಗೆ ಚಾಲಕ ಏಕೆ ಬೇಕು? ಅಂತಸ್ತಿಗೆ ಎಂಬುದು ಅರ್ಧ ಉತ್ತರ. ಉಳಿದರ್ಧ ಗಾಜಿನ ಲೋಟದಲ್ಲಿದೆ. ಅಲ್ಲಿ ತಟ್ಟೆಗೊಂದರಂತೆ ದ್ರಾಕ್ಷಾರಸದ ಮದ್ಯ ಬರುತ್ತದೆ. ಬೆಲ್ಜಿಯಂನಲ್ಲಿ ಸಾಮಾನ್ಯ ಚಾಲಕನ ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಸಾರ ಮುಟ್ಟಿದರೆ ಅಪರಾಧ. ಬಾಡಿಗೆ ಗಾಡಿ ನಡೆಸುವ ವೃತ್ತಿಪರರಿಗೆ 2015ರಿಂದ ಆ ಮಿತಿ 20 ಮಿಲಿಗ್ರಾಂ. ನಮ್ಮ ದೇಶದಲ್ಲಿ ಮೋಟಾರು ವಾಹನ ಕಾಯ್ದೆಯ ಪ್ರಕಾರ ಎಲ್ಲರಿಗೂ 30 ಮಿಲಿಗ್ರಾಂ. ಈ ಸಂಖ್ಯೆಗಳ ಹಿಂದಿನ ವಿಜ್ಞಾನ ಕಷ್ಟದ್ದಲ್ಲ. ಗಂಟೆಗೆ 50 ಕಿಲೋಮೀಟರು ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರು ಹೋಗುತ್ತದೆ. ಮದ್ಯಸಾರದಿಂದ ಮೆದುಳು ಮಂದವಾಗಿ, ಬ್ರೇಕಿನ ಮೇಲೆ ಕಾಲಿಡಲು ಅರ್ಧ ಸೆಕೆಂಡು ತಡವಾಯಿತೆನ್ನಿ. ಗಾಡಿ ಏಳು ಮೀಟರು ಮುಂದೆ ಹೋಗಿರುತ್ತದೆ. ರಸ್ತೆ ದಾಟುವ ಮಗುವಿಗೆ ಏಳು ಮೀಟರು ಎಂದರೆ ಬದುಕು ಇಲ್ಲವೆ ಸಾವು. ಆ ರಾತ್ರಿ ಮತ್ತೇರದೆ ಎಚ್ಚರವಾಗಿರಬೇಕಾದವನು ಒಬ್ಬನಿರಬೇಕು. ಅವನು ಹೊರಗೆ ಕುಳಿತಿದ್ದಾನೆ.

ಪಾಕ, ಸಾರಥ್ಯ ಎರಡನ್ನೂ ಕೂಡಿಸಿ ಒಬ್ಬನೇ ಮನುಷ್ಯನಲ್ಲಿ ಇಟ್ಟದ್ದು ನಮ್ಮ ಮಹಾಭಾರತ. ಒಳ್ಳೆಯ ಅಡುಗೆಗೆ ನಾವು ‘ನಳಪಾಕ’ ಎನ್ನುತ್ತೇವೆ. ಆದರೆ ನಳ ಬರಿಯ ಅಡುಗೆಯವನಲ್ಲ. ವನಪರ್ವದಲ್ಲಿ ಬೃಹದಶ್ವ ಮುನಿ ಧರ್ಮರಾಯನಿಗೆ ಹೇಳುವ ಕಥೆ ಅದು. ಕನ್ನಡದಲ್ಲಿ ಕನಕದಾಸರು ಅದನ್ನೇ ‘ನಳಚರಿತ್ರೆ’ಯಾಗಿ ಹಾಡಿದರು. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ, ಬಾಹುಕ ಎಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಬಳಿ ಚಾಕರಿಗೆ ಸೇರುತ್ತಾನೆ. ಕುದುರೆ ಪಳಗಿಸುತ್ತೇನೆ, ಅಡುಗೆಯನ್ನೂ ಬಲ್ಲೆ ಎಂದು ಅರ್ಜಿ. ಸಂಬಳ ಗೊತ್ತಾಗುತ್ತದೆ. ಹಿಂದೆ ನಳನಿಗೇ ಸಾರಥಿಯಾಗಿದ್ದ ವಾರ್ಷ್ಣೇಯ ಅದೇ ಲಾಯದಲ್ಲಿ ಈಗ ಅವನ ಜೊತೆಗಾರ. ಒಡೆಯನಾಗಿದ್ದವನು ಚಾಕರನ ಪಕ್ಕದಲ್ಲಿ ನಿಂತು ಕುದುರೆ ತಿಕ್ಕುವ ಈ ಸಂದರ್ಭವನ್ನು ನಾಟಕ ಬರೆಯುವವರು ಏಕೆ ಹೆಚ್ಚಾಗಿ ಬಳಸಿಕೊಂಡಿಲ್ಲವೋ ಕಾಣೆ.

ದಮಯಂತಿಯ ಎರಡನೆಯ ಸ್ವಯಂವರದ ಸುದ್ದಿ ಬರುತ್ತದೆ. ಒಂದೇ ದಿನದಲ್ಲಿ ಅಯೋಧ್ಯೆಯಿಂದ ವಿದರ್ಭಕ್ಕೆ ಹೋಗಬೇಕು. ದಾರಿಯಲ್ಲಿ ಋತುಪರ್ಣನ ಉತ್ತರೀಯ ಬಿದ್ದುಹೋಗುತ್ತದೆ. ನಿಲ್ಲಿಸು ಎಂದರೆ, ಆಗಲೇ ಒಂದು ಯೋಜನ ದಾಟಿದೆವು ಎನ್ನುತ್ತಾನೆ ಸಾರಥಿ. ಮುಂದೆ ಕುಂಡಿನಪುರದಲ್ಲಿ ದಮಯಂತಿ ತನ್ನ ಗಂಡನನ್ನು ಗುರುತಿಸುವುದು ಎರಡು ಸಾಕ್ಷ್ಯಗಳಿಂದ. ರಥ ಬಂದ ಸದ್ದು ಮತ್ತು ವೇಗ ಒಂದು. ಬಾಹುಕನು ಬೇಯಿಸಿದ ಮಾಂಸದ ರುಚಿ ಇನ್ನೊಂದು. ಮುಖ, ಮೈಕಟ್ಟು ಎಲ್ಲ ಬದಲಾಗಿತ್ತು, ಕೈಗುಣ ಬದಲಾಗಿರಲಿಲ್ಲ. ನಮ್ಮ ರಾಜ್ಯದಲ್ಲಿ 2008ರಲ್ಲಿ ಓಡಲಾರಂಭಿಸಿದ ‘ಗೋಲ್ಡನ್ ಚಾರಿಯಟ್’ ಎಂಬ ವೈಭವದ ರೈಲಿಗೆ ಹಂಪೆಯ ಕಲ್ಲಿನ ರಥದಿಂದ ಹೆಸರು ಬಂತು. ಅದರ ಎರಡು ಊಟದ ಬೋಗಿಗಳಿಗೆ ಇಟ್ಟ ಹೆಸರು ‘ನಳ’ ಮತ್ತು ‘ರುಚಿ’. ಹೆಸರಿಟ್ಟವರು ಅಡುಗೆಯವನನ್ನು ನೆನೆದರು. ಅವನು ಸಾರಥಿಯೂ ಆಗಿದ್ದನೆಂಬುದು ರೈಲಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಕಲ್ಯಾಣದ ಚಿನ್ನದ ತಟ್ಟೆ

ಕಥೆಯಿಂದ ಚರಿತ್ರೆಗೆ ಬರೋಣ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ ಹಿಂದೆ ಚಾಲುಕ್ಯರ ರಾಜಧಾನಿ. ಕೃಷ್ಣೆ, ತುಂಗಭದ್ರೆಗಳ ನಡುವಿನ ಎಡೆದೊರೆ ನಾಡು, ಅಂದರೆ ನಿಮ್ಮ ರಾಯಚೂರು ಸೀಮೆ, ಆ ರಾಜ್ಯದ ಭಾಗವಾಗಿತ್ತು. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ನೂರು ಅಧ್ಯಾಯಗಳ ಆ ವಿಶ್ವಕೋಶದಲ್ಲಿ ರಾಜನು ಅನುಭವಿಸಬೇಕಾದ ಇಪ್ಪತ್ತು ಭೋಗಗಳ ವಿವರವಿದೆ. ಅವುಗಳಲ್ಲಿ ಒಂದು ಅನ್ನಭೋಗ, ಮತ್ತೊಂದು ಯಾನಭೋಗ. ಉಣ್ಣುವ ಸುಖ ಮತ್ತು ಇನ್ನೊಬ್ಬರು ಹೊತ್ತೋ ನಡೆಸಿಯೋ ಕರೆದೊಯ್ಯುವ ಸುಖ. ಬ್ರೂಜ್‌ನ ಅತಿಥಿ ಇಂದು ಹಣ ಕೊಟ್ಟು ಕೊಳ್ಳುವ ಎರಡನ್ನೂ ಕನ್ನಡ ನಾಡಿನ ಅರಸನೊಬ್ಬ ಒಂದೇ ಪಟ್ಟಿಯಲ್ಲಿ ಬರೆದಿಟ್ಟಿದ್ದ. ಕುಡಿಯುವ ನೀರಿಗೂ ಅಲ್ಲಿ ಬೇರೆ ಪ್ರಕರಣವೇ ಉಂಟು.

ರಾಜ ಮೆತ್ತನೆಯ ಆಸನದ ಮೇಲೆ ಪೂರ್ವಾಭಿಮುಖವಾಗಿ ಕೂರಬೇಕು. ಹೊಕ್ಕುಳಿನಿಂದ ಮೊಣಕಾಲಿನವರೆಗೆ ಬಿಳಿಯ ಬಟ್ಟೆ ಹೊದಿಸಬೇಕು. ಈಗಿನ ಹೊಟೇಲಿನ ನ್ಯಾಪ್ಕಿನ್ ಅಲ್ಲದೆ ಮತ್ತೇನು! ಎದುರಿಗೆ ಚಿನ್ನದ ಹರಿವಾಣ, ಬಟ್ಟಲುಗಳು. ಚಿನ್ನವೇ ಏಕೆ ಎಂಬುದಕ್ಕೆ ರಸಾಯನಶಾಸ್ತ್ರ ಒಂದು ಉತ್ತರ ಕೊಡುತ್ತದೆ. ಹುಣಿಸೆ, ಮೊಸರು, ನಿಂಬೆಯ ಆಮ್ಲಗಳು ತಾಮ್ರ ಹಿತ್ತಾಳೆಯನ್ನು ಕರಗಿಸಿ ಊಟವನ್ನು ಕಿಲುಬು ಮಾಡುತ್ತವೆ. ಅದಕ್ಕೇ ಮನೆಯ ಪಾತ್ರೆಗೆ ಕಲಾಯಿ ಹಾಕಿಸುತ್ತಾರೆ. ಚಿನ್ನ ಆ ಆಮ್ಲಗಳಿಗೆ ಜಗ್ಗುವುದಿಲ್ಲ. ಗುರುಗುಂಟಾದ ನೆರೆಯ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಚಿನ್ನಕ್ಕಾಗಿ ಬಂಡೆ ತೋಡಿದ ಕುರುಹುಗಳಿವೆ ಎಂಬುದನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ.

ಗ್ರಂಥದಲ್ಲಿ ಬರುವ ತಿನಿಸುಗಳಲ್ಲಿ ಹಲವು ನಮಗೆ ಗುರುತು ಸಿಗುತ್ತವೆ. ಉದ್ದಿನ ಹಿಟ್ಟಿನ ಇಡರಿಕಾ ನಮ್ಮ ಇಡ್ಲಿಯ ಹಿರಿಯಜ್ಜಿ. ದೋಸಕಾ, ವಟಕಾ, ಪೂರಿಕಾ ಇವೆ. ಹಂದಿ, ಮೀನು, ಆಮೆ, ಏಡಿಗಳ ಅಡುಗೆಯಿದೆ. ಹೊಳೆಯ ದಡದ ಹೊಲಗಳಲ್ಲಿ ಹಿಡಿದ ಇಲಿಯನ್ನು ಬಿಸಿ ಎಣ್ಣೆಯಲ್ಲಿ ಅದ್ದಿ, ರೋಮ ತೆಗೆದು ಬೇಯಿಸುವ ಕ್ರಮವನ್ನೂ ಚಕ್ರವರ್ತಿ ಸಂಕೋಚವಿಲ್ಲದೆ ಬರೆದಿದ್ದಾನೆ. ನಗಬೇಡಿ. ಬ್ರೂಜ್‌ನ ಮೇಜಿನ ಮೇಲೆ ಬಸವನ ಹುಳು ಬಂದರೆ ಅದಕ್ಕೆ ಫ್ರೆಂಚ್ ಹೆಸರಿಟ್ಟು ದುಬಾರಿ ಬೆಲೆ ಹಾಕುತ್ತಾರೆ.

ಮಂಡಕಾ ಎಂಬ ತಿನಿಸಿನ ಬಳಿ ಸ್ವಲ್ಪ ನಿಲ್ಲಬೇಕು. ಗೋಧಿಯನ್ನು ತೊಳೆದು, ಒಣಗಿಸಿ, ಬೀಸಿ, ಜರಡಿ ಹಿಡಿದು, ಹಿಟ್ಟನ್ನು ನಾದಿ, ಉಂಡೆಯನ್ನು ಕೈಯಿಂದಲೇ ತೆಳ್ಳಗೆ ಹರಡಿ, ಕಾದ ಮಣ್ಣಿನ ಪಾತ್ರೆಯ ಮೇಲೆ ಬೇಯಿಸುವುದು. ಬೆಳಗಾವಿಯಲ್ಲಿ ಮದುವೆ ಹಬ್ಬಗಳಲ್ಲಿ ಮಾಡುವ ಮಂಡಿಗೆ ಇದರದೇ ವಂಶ. ಗೋಧಿ ಹಿಟ್ಟು ಹಾಗೆ ಕಾಗದದಂತೆ ಹಿಗ್ಗುವುದೇಕೆ? ಅದರಲ್ಲಿರುವ ಎರಡು ಬಗೆಯ ಪ್ರೋಟೀನುಗಳು ನೀರು ತಾಗಿ ನಾದಿದಾಗ ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ರಬ್ಬರಿನಂಥ ಬಲೆಯಾಗುತ್ತವೆ. ಜೋಳದಲ್ಲಿ ಆ ಬಲೆ ಇಲ್ಲ. ಅದಕ್ಕೆಂದೇ ನಿಮ್ಮ ಮನೆಯಲ್ಲಿ ಅವ್ವ ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕುತ್ತಾಳೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಪಿಷ್ಟದ ಕಣಗಳು ಉಬ್ಬಿ ಅಂಟಾಗುತ್ತವೆ, ಪ್ರೋಟೀನು ಮಾಡದ ಕೆಲಸವನ್ನು ಪಿಷ್ಟ ಮಾಡುತ್ತದೆ. ಆದರೂ ಎಳೆದರೆ ಹರಿಯುತ್ತದೆ; ಆದ್ದರಿಂದ ಲಟ್ಟಿಸದೆ ಬಡಿಯುತ್ತಾರೆ. ಮಂಡಿಗೆ ರಾಜಭೋಜನದ ಗ್ರಂಥ ಸೇರಿತು, ರೊಟ್ಟಿ ಸೇರಲಿಲ್ಲ. ಆದರೆ ರೊಟ್ಟಿ ಬಡಿಯುವುದು ಮಂಡಿಗೆಗಿಂತ ಸುಲಭದ ವಿದ್ಯೆ ಎಂದು ಹೇಳುವವರು ಒಮ್ಮೆ ಬಡಿದು ನೋಡಲಿ.

ಬಡಿಸುವ ಕ್ರಮದ ಮೇಲೂ ಅರಸನಿಗೆ ಗಮನವಿತ್ತು. ಮೊದಲು ಬೇಳೆ ತುಪ್ಪ ಕಲಸಿದ ಅನ್ನ, ಊಟದ ನಡುವೆ ಸಿಹಿ, ಕೊನೆಯ ಕಡೆಗೆ ಮೊಸರು. ಯುರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೆ ದೊಡ್ಡವರ ಮನೆಯಲ್ಲಿ ಹತ್ತಾರು ಭಕ್ಷ್ಯಗಳನ್ನು ಒಟ್ಟಿಗೇ ಮೇಜಿನ ಮೇಲೆ ಜೋಡಿಸುತ್ತಿದ್ದರು. ನೋಡಲು ಚೆಂದ, ಉಣ್ಣುವ ಹೊತ್ತಿಗೆ ತಣ್ಣಗೆ. ಒಂದಾದ ಮೇಲೆ ಒಂದು ತರುವ ‘ರಷ್ಯನ್ ಪದ್ಧತಿ’ ಆಮೇಲೆ ಬಂದದ್ದು. ಈಗಿನ ಬ್ರೂಜ್‌ನ ಊಟ ಅದರ ಮುಂದುವರಿಕೆ. ಇದಕ್ಕೆ ಎರಡು ಕಾರಣಗಳನ್ನು ವಿಜ್ಞಾನ ಕೊಡುತ್ತದೆ. ಒಂದು ನ್ಯೂಟನ್ನನ ಶೀತಲೀಕರಣ ನಿಯಮ: ವಸ್ತು ಮತ್ತು ಸುತ್ತಲಿನ ಗಾಳಿಯ ಉಷ್ಣತೆಗಳ ವ್ಯತ್ಯಾಸ ಹೆಚ್ಚಿದ್ದಷ್ಟೂ ಬಿಸಿ ಬೇಗ ಆರುತ್ತದೆ. ಎರಡು ತುತ್ತಿನಷ್ಟು ಪದಾರ್ಥಕ್ಕೆ ಗಾತ್ರ ಕಡಿಮೆ, ಹೊರಮೈ ಹೆಚ್ಚು. ಆರುವುದು ಇನ್ನೂ ಬೇಗ. ಆದುದರಿಂದ ಅವರು ತಟ್ಟೆಯನ್ನೇ ಬಿಸಿ ಮಾಡಿಟ್ಟು ಬಡಿಸುತ್ತಾರೆ. ಎರಡನೆಯದು ನಾಲಗೆಯ ದಣಿವು. ಒಂದೇ ರುಚಿಯನ್ನು ತಿನ್ನುತ್ತ ಹೋದರೆ ಕೆಲವೇ ತುತ್ತುಗಳಲ್ಲಿ ಅದರ ಸವಿ ಇಳಿಯುತ್ತದೆ, ಬೇರೆ ರುಚಿಯ ಆಸೆ ಮಾತ್ರ ಹಾಗೇ ಉಳಿದಿರುತ್ತದೆ. ಹೊಟ್ಟೆ ತುಂಬಿತು ಎಂದವನು ಹೋಳಿಗೆ ಬಂದೊಡನೆ ಎಲೆಯಲ್ಲಿ ಜಾಗ ಮಾಡುವುದು ಇದರಿಂದಲೇ.

ಬ್ರೂಜ್‌ನಲ್ಲಿ ಊಟ ಮುಗಿಯುವುದು ಚಾಕಲೇಟಿನಿಂದ. ಒಳಗೆ ಹೂರಣ ತುಂಬಿದ ಬೆಲ್ಜಿಯಂ ಚಾಕಲೇಟನ್ನು 1912ರಲ್ಲಿ ಬ್ರಸೆಲ್ಸ್ ನಗರದ ಜಾನ್ ನ್ಯೂಹೌಸ್ ಎಂಬಾತ ಮಾಡಿದ. ಕೋಕೋ ಬೆಣ್ಣೆಯನ್ನು ಹದವಾಗಿ ಕಾಯಿಸಿ ಆರಿಸಿದರೆ ಅದರ ಸ್ಫಟಿಕಗಳು ಸುಮಾರು 34 ಡಿಗ್ರಿಯಲ್ಲಿ ಕರಗುವಂತೆ ಜೋಡಣೆಯಾಗುತ್ತವೆ. ಬಾಯಿಯ ಉಷ್ಣತೆ ಅದಕ್ಕಿಂತ ತುಸು ಹೆಚ್ಚು. ಕೈಯಲ್ಲಿ ಗಟ್ಟಿ, ಬಾಯಲ್ಲಿ ನೀರು: ಇಡೀ ಮಾಯೆ ಅಷ್ಟೇ. ಆ ಮಾಯೆ ರಾಯಚೂರಿನ ಮೇ ತಿಂಗಳಲ್ಲಿ ನಡೆಯದು. ನಲವತ್ತು ದಾಟಿದ ಬಿಸಿಲಿನಲ್ಲಿ ಅದು ಕೈಯಲ್ಲೇ ಲೇಹ್ಯವಾಗುತ್ತದೆ. ಸೇಂಗಾ ಚಿಕ್ಕಿ ಮಾತ್ರ ಅಲ್ಲಾಡದೆ ಕುಳಿತಿರುತ್ತದೆ.

ಆಯ್ದ ಅಕ್ಕಿಯ ಲೆಕ್ಕ

ಸೋಮೇಶ್ವರನ ಗ್ರಂಥ ಮುಗಿದು ನಾಲ್ಕು ದಶಕಗಳೂ ಆಗಿರಲಿಲ್ಲ. ಸಿಂಹಾಸನದ ಮೇಲೆ ಕಳಚುರಿ ಬಿಜ್ಜಳ ಬಂದಿದ್ದ. ಅದೇ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆ, ಅಲ್ಲಿ ನಿತ್ಯ ದಾಸೋಹ. ಆಗ ಗುರುಗುಂಟಾದ ಕಡೆಯಿಂದ ಗಂಡ ಹೆಂಡತಿ ಇಬ್ಬರು ಕಲ್ಯಾಣಕ್ಕೆ ಹೋದರು. ‘ಗುರುಗುಂಟಾ ಅಮರೇಶ್ವರ’ ಎಂದು ಹೆಸರಾದ ಕ್ಷೇತ್ರವೇ ಅವರ ಊರು. ಇಬ್ಬರ ವಚನಗಳ ಅಂಕಿತದಲ್ಲಿಯೂ ಅಮರೇಶ್ವರಲಿಂಗ ಇದೆ. ಮಾರಯ್ಯ ಮತ್ತು ಲಕ್ಕಮ್ಮ. ಗುರುಗುಂಟಾದಿಂದ ಕಲ್ಯಾಣಕ್ಕೆ ನೇರ ಗೆರೆ ಎಳೆದರೂ 150 ಕಿಲೋಮೀಟರಿಗೆ ಕಡಿಮೆಯಿಲ್ಲ, ನಡುವೆ ಕೃಷ್ಣೆಯನ್ನೂ ಭೀಮೆಯನ್ನೂ ದಾಟಬೇಕು. ಅವರಿಗೆ ಸಾರಥಿ ಯಾರೂ ಇದ್ದಿರಲಾರರು.

ಕಲ್ಯಾಣದಲ್ಲಿ ಮಾರಯ್ಯನವರು ಹಿಡಿದ ಕಾಯಕ ಅಂಗಳದಲ್ಲಿ ಚೆಲ್ಲಿದ ಅಕ್ಕಿಕಾಳುಗಳನ್ನು ಆಯುವುದು. ಆಯ್ದಕ್ಕಿ ಮಾರಯ್ಯ ಎಂಬ ಹೆಸರು ಬಂದದ್ದು ಹೀಗೆ. ಆ ಅಕ್ಕಿಯಲ್ಲಿ ತಾವು ಉಂಡು ಜಂಗಮರಿಗೂ ಉಣಬಡಿಸುತ್ತಿದ್ದರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಒಲೆ ಹಚ್ಚಲಿಲ್ಲ. ಇಷ್ಟು ಆಸೆ ನಮಗೇಕೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಪರಂಪರೆ ಇದನ್ನು ಭಕ್ತಿಯ ಕಥೆಯಾಗಿ ಹೇಳುತ್ತದೆ. ನಾನು ವಿಜ್ಞಾನ ಓದಿದವನು, ನನಗೆ ಲೆಕ್ಕ ಮಾಡುವ ಚಟ.

ಒಂದು ಅಕ್ಕಿಕಾಳಿನ ತೂಕ ಸುಮಾರು 20 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಸಣ್ಣಕ್ಕಿಯಾದರೆ ಇನ್ನೂ ಕಡಿಮೆ. ಅಂದರೆ ಒಂದು ಕಿಲೋಗೆ 50,000 ಕಾಳು. ಬಗ್ಗಿ ಕುಳಿತು ಸೆಕೆಂಡಿಗೊಂದು ಕಾಳು ಆಯುತ್ತಾ ಹೋದರೆ ಗಂಟೆಗೆ 3,600 ಕಾಳು, 72 ಗ್ರಾಂ. ದುಡಿಯುವ ಒಬ್ಬ ಮನುಷ್ಯನ ಒಂದು ಹೊತ್ತಿನ ಊಟಕ್ಕೆ 150 ಗ್ರಾಂ ಅಕ್ಕಿ ಬೇಕೆಂದರೆ ಎರಡು ಗಂಟೆಗೂ ಮಿಕ್ಕಿ ಆಯಬೇಕು. ಗಂಡ ಹೆಂಡತಿಗೆ ನಾಲ್ಕು ಗಂಟೆ. ಮನೆಗೆ ಬಂದವರಿಗೆ ಬಡಿಸಬೇಕಾದರೆ ದಿನವೆಲ್ಲ. ಬ್ರೂಜ್‌ನಲ್ಲಿ ಒಂದು ಊಟವನ್ನು ಉಣ್ಣಲು ಮೂರು ಗಂಟೆ ಬೇಕು. ಇಲ್ಲಿ ಒಂದು ಊಟವನ್ನು ನೆಲದಿಂದ ಎತ್ತಿಕೊಳ್ಳಲು ಅಷ್ಟು ಹೊತ್ತು. ಹೆಚ್ಚಾದ ಅಕ್ಕಿಯನ್ನು ಸುರಿದು ಬನ್ನಿ ಎಂದ ಲಕ್ಕಮ್ಮ ಗಂಡನ ಎಷ್ಟು ತಾಸುಗಳ ಬೆನ್ನುನೋವನ್ನು ಹಿಂದಕ್ಕೆ ಕಳುಹಿಸಿದರು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಅದೂ ಅಕ್ಕಿ! ತುಂಗಭದ್ರೆಯ ಕಾಲುವೆ ಬಂದು ಸಿಂಧನೂರು ಭತ್ತದ ಕಣಜವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಜೋಳದ ಸೀಮೆಯಿಂದ ಹೋದ ಇವರಿಗೆ ಅಕ್ಕಿಯೆಂಬುದು ದಿನನಿತ್ಯದ ಧಾನ್ಯವಾಗಿತ್ತೆ ಎಂಬುದೇ ಸಂಶಯ.

ಚಿನ್ನದ ಹರಿವಾಣ, ಅಂಗಳದ ಕಾಳು ಎರಡನ್ನೂ ಒಂದೇ ನಗರ ನಾಲ್ಕು ದಶಕದೊಳಗೆ ಕಂಡಿತು. ಮಾನಸೋಲ್ಲಾಸದಲ್ಲಿ ಉಣ್ಣುವವನ ವಿವರ ಚೆನ್ನಾಗಿದೆ, ಬೇಯಿಸುವ ಕ್ರಮ ಇನ್ನೂ ಚೆನ್ನಾಗಿದೆ. ಬೇಯಿಸಿದವನು, ಪಲ್ಲಕ್ಕಿ ಹೊತ್ತವನು ಏನು ಉಂಡರು ಎಂಬ ಪ್ರಶ್ನೆಯನ್ನು ಕೇಳಲು ಮಾರಯ್ಯ ಲಕ್ಕಮ್ಮರಂಥವರು ವಚನ ಬರೆಯಬೇಕಾಯಿತು. ಕಾಯಕವನ್ನು ಕೈಲಾಸದ ಎತ್ತರಕ್ಕೆ ಇಟ್ಟ ಪ್ರಸಿದ್ಧ ಮಾತು ಇರುವುದು ಇದೇ ಮಾರಯ್ಯನವರ ವಚನದಲ್ಲಿ.

ಚಾಲಕನ ಊಟ

ಈಗ ಕಾರಿನಲ್ಲಿ ಕಾಯುತ್ತಿರುವವನ ಬಳಿಗೆ ಹಿಂದಿರುಗೋಣ. ನಮ್ಮ ದೇಶದಲ್ಲಿ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ ಎಂಟು ಗಂಟೆ ಕೆಲಸವೆಂದೂ, ಸತತ ಐದು ಗಂಟೆ ಆದೊಡನೆ ಕನಿಷ್ಠ ಅರ್ಧ ಗಂಟೆ ಬಿಡುವೆಂದೂ ಗೊತ್ತುಮಾಡಿತು. ಆದರೆ ಅದು ಅನ್ವಯವಾದದ್ದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ. ಒಬ್ಬರ ಮನೆಯ ಕಾರು ನಡೆಸುವವನು ಆ ಲೆಕ್ಕದ ಹೊರಗೇ ಉಳಿದ. ಮದುವೆಯ ಮನೆಯಲ್ಲಿ ಮೂರು ಪಂಕ್ತಿ ಎದ್ದ ಮೇಲೆ ಯಾರೋ ಒಬ್ಬರಿಗೆ ನೆನಪಾಗಿ, ‘ಡ್ರೈವರು ಊಟ ಮಾಡಿದನೇನು?’ ಎಂದು ಕೇಳುವುದನ್ನು ನೀವೂ ಕೇಳಿರುತ್ತೀರಿ. ಹಸಿದವನಿಗೂ ಗಮನ ಸಡಿಲುತ್ತದೆ, ತಡರಾತ್ರಿ ಹೊಟ್ಟೆ ಬಿರಿಯೆ ಉಂಡವನಿಗೂ ಕಣ್ಣು ಎಳೆಯುತ್ತದೆ. ಹೊತ್ತಿಗೆ ಸರಿಯಾಗಿ ಮಿತವಾದ ಊಟ ಅವನಿಗೆ ಸಿಗಬೇಕಾದುದು ಹಿಂದಿನ ಆಸನದವರ ಜೀವದ ಪ್ರಶ್ನೆ. ಮೇಲೆ ಹೇಳಿದ ಏಳು ಮೀಟರಿನ ಲೆಕ್ಕ ಇಲ್ಲಿಯೂ ಅನ್ವಯಿಸುತ್ತದೆ.

ನಮ್ಮ ಕೆಲಸದಲ್ಲಿ ಹೊರಾಂಗಣ ಚಿತ್ರೀಕರಣಕ್ಕೆ ಹೋದಾಗಲೆಲ್ಲ ಊಟದ ಜಾಗವನ್ನು ಆರಿಸುವವರು ವ್ಯಾನಿನ ಡ್ರೈವರೇ. ‘ಮುಂದ ಒಂದು ಖಾನಾವಳಿ ಐತ್ರಿ ಸರ, ರೊಟ್ಟಿ ಬಿಸಿಬಿಸಿ ಬಡೀತಾರ’ ಎಂದರೆ ಅದೇ ತೀರ್ಪು. ಕ್ಯಾಮೆರಾದವರು, ಧ್ವನಿ ಹಿಡಿಯುವವರು, ನಿರ್ಮಾಪಕ ಎಲ್ಲ ತಲೆಬಾಗುತ್ತೇವೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಸೇಂಗಾ ಚಟ್ನಿ, ಗುರೆಳ್ಳು ಪುಡಿ, ಗಟ್ಟಿ ಮೊಸರು, ಹಸಿ ಈರುಳ್ಳಿ. ಒಂದು ರೊಟ್ಟಿ ಮುಗಿಯುವ ಹೊತ್ತಿಗೆ ಸರಿಯಾಗಿ ಇನ್ನೊಂದು ಹೆಂಚಿನಿಂದ ಇಳಿದು ತಟ್ಟೆಗೆ ಬರುತ್ತದೆ. ರಷ್ಯನ್ ಪದ್ಧತಿಯ ತತ್ವ ಇದಕ್ಕಿಂತ ಬೇರೆಯಲ್ಲ.

ಆದರೆ ಎಲ್ಲ ಡ್ರೈವರರ ತೀರ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹೆದ್ದಾರಿಯ ಕೆಲವು ದೊಡ್ಡ ಹೊಟೇಲುಗಳ ಮುಂದೆ ದೂರದ ಬಸ್ಸುಗಳು ತಪ್ಪದೆ ನಿಲ್ಲುತ್ತವೆ. ಅಲ್ಲಿ ಡ್ರೈವರ್, ಕಂಡಕ್ಟರರಿಗೆ ಪ್ರತ್ಯೇಕ ಕೋಣೆ, ಪುಕ್ಕಟೆ ಊಟ. ಐವತ್ತು ಪ್ರಯಾಣಿಕರನ್ನು ತಂದು ನಿಲ್ಲಿಸಿದ್ದಕ್ಕೆ ಅದು ಕೂಲಿ. ಲಾರಿಯ ಡ್ರೈವರಿಗೆ ಹಿಂದೆ ಪ್ರಯಾಣಿಕರಿಲ್ಲ. ತನ್ನ ಭತ್ಯದ ದುಡ್ಡಿನಲ್ಲಿ ತಾನೇ ಬಿಲ್ಲು ಕೊಟ್ಟು, ಯಾರಿಗೂ ಗುರುತು ಹೇಳದೆ ಉಂಡು ಹೋಗುತ್ತಾನೆ. ಮಿಶೆಲಿನ್ ಪರಿವೀಕ್ಷಕನ ಎರಡು ಲಕ್ಷಣಗಳೂ ಅವನಲ್ಲಿವೆ. ಅವನ ಗಾಡಿಗೆ ಟೈರುಗಳೂ ಹೆಚ್ಚು.

ಲಿಂಗಸುಗೂರಿನ ಸುತ್ತಿನ ಹೆದ್ದಾರಿಯಲ್ಲಿ ಮಧ್ಯಾಹ್ನ ಒಂದರಿಂದ ಎರಡು ಗಂಟೆಯೊಳಗೆ ಯಾವ ಖಾನಾವಳಿಯ ಮುಂದೆ ಎಷ್ಟು ಲಾರಿ ನಿಂತಿವೆ ಎಂದು ಒಂದು ವಾರ ಎಣಿಸಿ, ಕಾಲೇಜಿನ ಸಂಖ್ಯಾಶಾಸ್ತ್ರದ ಅಭ್ಯಾಸವಾಗಿ ಬರೆದಿಡಿ. ಒಂದು ಎಚ್ಚರಿಕೆ ಇರಲಿ: ಲಾರಿ ನಿಲ್ಲಿಸಲು ಬಯಲು ಇರುವ ಕಡೆ ಊಟ ಸಾಧಾರಣವಾಗಿದ್ದರೂ ಗಾಡಿಗಳು ನಿಲ್ಲುತ್ತವೆ. ಜಾಗ ಇಕ್ಕಟ್ಟಾಗಿದ್ದೂ, ದೂರದಲ್ಲಿ ಗಾಡಿ ಬಿಟ್ಟು ಬಿಸಿಲಲ್ಲಿ ನಡೆದು ಬರುವವರು ಎಷ್ಟು ಜನ ಎಂಬುದನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಿ.